ಕುಣಿಕೆಯ ಲೆಕ್ಕ

1899ನೆಯ ಇಸವಿಯ ಕೊನೆಯಲ್ಲಿ, ದಕ್ಷಿಣ ಆಫ್ರಿಕದ ಬೋಯರ್ ಯುದ್ಧಭೂಮಿಯಲ್ಲಿದ್ದ ತಮ್ಮ ಸೈನಿಕರಿಗೆ ಹೊಸ ವರ್ಷದ ಕಾಣಿಕೆಯಾಗಿ ತಲೆಗೊಂದರಂತೆ ಚಾಕೊಲೇಟಿನ ಡಬ್ಬಿಯನ್ನು ಕಳುಹಿಸಬೇಕೆಂದು ವಿಕ್ಟೋರಿಯಾ ರಾಣಿಯವರು ಅಪ್ಪಣೆ ಮಾಡಿದಾಗ, ಇಂಗ್ಲೆಂಡಿನ ಮೂರು ಹೆಸರಾಂತ ಕಾರ್ಖಾನೆಗಳು ಆ ಕೆಲಸವನ್ನು ವಹಿಸಿಕೊಂಡು, ಮುಚ್ಚಳದ ಮೇಲೆ ರಾಣಿಯ ಮುಖಮುದ್ರೆಯನ್ನೂ ಶುಭಾಶಯವನ್ನೂ ಅಚ್ಚೊತ್ತಿದ ತಗಡಿನ ಡಬ್ಬಿಗಳನ್ನು ಲಕ್ಷಕ್ಕೂ ಮಿಕ್ಕಿದ ಸಂಖ್ಯೆಯಲ್ಲಿ ಸಿದ್ಧಪಡಿಸಿದುವು. ಅದೇ ರಾಣಿಯವರು, ಅದಾದ ಕೆಲವೇ ತಿಂಗಳುಗಳಲ್ಲಿ, ಎಂಬತ್ತು ವರ್ಷದ ವಯಸ್ಸಿನಲ್ಲಿ, ಕಣ್ಣಿನ ಶಕ್ತಿ ಬಹುಮಟ್ಟಿಗೆ ಕುಂದಿಹೋಗಿದ್ದಾಗ್ಯೂ, ಖಾಕಿ ಬಣ್ಣದ ಉಣ್ಣೆಯ ನೂಲನ್ನೂ ಒಂದು ಕ್ರೋಶಾ ಕಡ್ಡಿಯನ್ನೂ ಕೈಗೆತ್ತಿಕೊಂಡು ಅದೇ ಸೈನಿಕರಿಗಾಗಿ ಕಂಠವಸ್ತ್ರಗಳನ್ನು ಹೆಣೆದರು. ಅವುಗಳ ಒಟ್ಟು ಸಂಖ್ಯೆ ಎಂಟು. ಒಂದು ಚಕ್ರಾಧಿಪತ್ಯದ ಸಮಸ್ತ ಯಂತ್ರಸಾಮರ್ಥ್ಯವೂ ಒಂದು ಜೊತೆ ಕೈಗಳ ಬಿಡುವೂ ಹೀಗೆ ಅಕ್ಕಪಕ್ಕದಲ್ಲಿ ನಿಂತು ತಮ್ಮ ತಮ್ಮ ಲೆಕ್ಕವನ್ನು ಒಪ್ಪಿಸಿದ ಪ್ರಸಂಗ ಚರಿತ್ರೆಯಲ್ಲಿ ಅಪರೂಪವೆಂದೇ ಹೇಳಬೇಕು.

ಆ ವಸ್ತ್ರಗಳು ಸುಮಾರು ಐದಡಿ ಉದ್ದ, ಒಂಬತ್ತು ಅಂಗುಲ ಅಗಲ. ಒಂದೊಂದರ ಮೇಲೂ ರಾಣಿಯ ಹೆಸರಿನ ಸಂಕೇತಾಕ್ಷರಗಳ ಕಸೂತಿ. ನಾಲ್ಕು ಬ್ರಿಟಿಷ್ ಸೇನೆಯ ಸಾರ್ಜೆಂಟರುಗಳಿಗೂ, ಉಳಿದ ನಾಲ್ಕು ಕೆನಡ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ಕೇಪ್ ಸೀಮೆಯ ದಂಡುಗಳ ಸಾಮಾನ್ಯ ಸೈನಿಕರಿಗೂ ಸಂದುವು. ಕೆನಡದ ಪಾಲಿನದನ್ನು ಪಡೆದ ರಿಚರ್ಡ್ ರೋಲೆಂಡ್ ಥಾಂಪ್ಸನ್ ಎಂಬಾತ, 1900ರ ಫೆಬ್ರವರಿ 18ರಂದು ಪಾರ್ಡೆಬರ್ಗ್ ಕಾಳಗದಲ್ಲಿ, ಕೊರಳಿಗೆ ಗುಂಡು ತಗಲಿ ರಕ್ತ ಸೋರುತ್ತಿದ್ದ ಸಂಗಡಿಗನೊಬ್ಬನ ಪಕ್ಕದಲ್ಲಿ ಮಲಗಿ, ಆ ಗಾಯವನ್ನು ಬೆರಳಿನಿಂದ ಒತ್ತಿ ಹಿಡಿದು, ಗುಂಡಿನ ಮಳೆಯ ನಡುವೆ ತಾಸುಗಟ್ಟಲೆ ಕದಲದೆ ಇದ್ದು, ಅವನ ಪ್ರಾಣವನ್ನು ಉಳಿಸಿದವನು. ಕೊರಳನ್ನು ಕಾಪಾಡಿದವನಿಗೆ ಕೊರಳಿನ ವಸ್ತ್ರವೇ ಬಹುಮಾನವಾಗಿ ಬಂದುದು ಆಕಸ್ಮಿಕವೇ ಇರಬಹುದು. ಆದರೂ ಔಚಿತ್ಯವನ್ನು ಬಲ್ಲ ಕವಿಯೊಬ್ಬನು ಕಲ್ಪಿಸಿದ್ದರೂ ಇದಕ್ಕಿಂತ ಚೆನ್ನಾಗಿ ಕಲ್ಪಿಸಲಾರ. ಅವನಿಗೆ ಸಂದ ವಸ್ತ್ರ ಈಗ ಒಟ್ಟಾವದಲ್ಲಿರುವ ಕೆನಡದ ಯುದ್ಧ ಸಂಗ್ರಹಾಲಯದಲ್ಲಿದೆ. ಆಸ್ಟ್ರೇಲಿಯದ್ದು ಕ್ಯಾನ್‌ಬೆರದ ಯುದ್ಧ ಸ್ಮಾರಕದಲ್ಲಿ.

ಮುಂದೆ ನಡೆದುದು ಮನುಷ್ಯಸ್ವಭಾವವನ್ನು ತೋರಿಸತಕ್ಕ ಸಂಗತಿ. ಈ ವಸ್ತ್ರ ವಿಕ್ಟೋರಿಯಾ ಕ್ರಾಸ್ ಪದಕಕ್ಕೆ ಸಮಾನವೆಂದೂ, ಅಲ್ಲ, ಅದಕ್ಕಿಂತಲೂ ಒಂದು ಮೆಟ್ಟಿಲು ಮೇಲಿನದೆಂದೂ ಜನ ದಶಕಗಳ ಪರ್ಯಂತ ವಾದಿಸಿದರು; ಅಧಿಕೃತವಾದ ಶ್ರೇಣಿಯಲ್ಲಿ ಅದಕ್ಕೆ ಅಂತಹ ಯಾವ ಸ್ಥಾನವೂ ಎಂದೂ ಇದ್ದಿಲ್ಲ. ಒಬ್ಬ ವೃದ್ಧೆ ಕೈಯಾರೆ ಹೆಣೆದು ಕೊಟ್ಟಳೆಂಬಷ್ಟರಿಂದ ನಮಗೆ ತೃಪ್ತಿಯಾಗಲಿಲ್ಲ. ಅದರ ಬೆಲೆ ಎಷ್ಟು, ಯಾವುದರ ಮೇಲೆ, ಯಾವುದರ ಕೆಳಗೆ ಎಂಬುದು ಇತ್ಯರ್ಥವಾಗುವವರೆಗೆ ನಮಗೆ ನಿದ್ರೆಯಿಲ್ಲ. ಕೈಯಿಂದಾದ ಉಡುಗೊರೆಗೆ ಬೆಲೆ ಕಟ್ಟುವ ಈ ತೊಡಕೇ ನನ್ನನ್ನು ಈ ಲೇಖನಕ್ಕೆ ಎಳೆತಂದದ್ದು.

ಖಾಕಿಯ ಮಾತು ಬಂದುದರಿಂದ ಒಂದು ಪಕ್ಕದಾರಿ. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಷನ್ನಿನವರು ನಡೆಸುತ್ತಿದ್ದ ನೇಯ್ಗೆಯ ಕಾರ್ಖಾನೆಯಲ್ಲಿ, 1850ರ ದಶಕದಲ್ಲಿ, ಹಾಲರ್ ಎಂಬ ಜರ್ಮನ್ ನೇಕಾರರು ಖಾಕಿ ಬಣ್ಣವನ್ನು ತಯಾರಿಸಿದರೆಂದೂ, ಮುಂದೆ ಮದ್ರಾಸು ಸೇನೆಯ ದಂಡನಾಯಕರಾಗಿದ್ದ ರಾಬರ್ಟ್ಸ್ ಸಾಹೇಬರು ಅದನ್ನು ಕಂಡು ಮೆಚ್ಚಿ ಸೈನಿಕರ ಉಡುಪಿಗೆ ಶಿಫಾರಸು ಮಾಡಿದರೆಂದೂ ಕರಾವಳಿಯಲ್ಲಿ ಒಂದು ಐತಿಹ್ಯವಿದೆ. ಪೇಷಾವರದ ಕಡೆಯ ದಂಡೊಂದು ಅದಕ್ಕೂ ಮೊದಲೇ, 1840ರ ದಶಕದಲ್ಲಿಯೇ, ಮಣ್ಣಿನ ಬಣ್ಣದ ಉಡುಪನ್ನು ತೊಟ್ಟಿತ್ತಾದುದರಿಂದ ಖಾಕಿಯ ಜನ್ಮಭೂಮಿಯೇ ಮಂಗಳೂರೆಂದು ಎದೆ ತಟ್ಟಿ ಹೇಳುವುದಕ್ಕೆ ನನಗೆ ಧೈರ್ಯ ಸಾಲದು. ಆದರೆ ಅದೇ ರಾಬರ್ಟ್ಸರು 1900ರಲ್ಲಿ ದಕ್ಷಿಣ ಆಫ್ರಿಕದ ಸೇನೆಯ ಮುಖ್ಯ ದಂಡನಾಯಕರಾಗಿದ್ದು, ರಾಣಿಯ ಖಾಕಿ ವಸ್ತ್ರಗಳು ಅವರ ಸೈನಿಕರ ಕೈ ಸೇರಿದುವೆಂಬುದು ಮಾತ್ರ ನಿಜ.

ಇನ್ನು ಕಡ್ಡಿಯ ಬಳಿಗೆ ಬರೋಣ. ನಮ್ಮ ಮನೆಗಳಲ್ಲಿ ಉಲ್ಲನ್ ಹೆಣಿಗೆ ಎಂಬ ಒಂದೇ ಹೆಸರಿನ ಕೆಳಗೆ ಬೀಳುವ ಕೆಲಸಗಳು ವಾಸ್ತವವಾಗಿ ಎರಡು. ಎರಡು ಕಡ್ಡಿಗಳಿಂದ ಹೆಣೆಯುವ ಸ್ವೆಟರಿನಲ್ಲಿ, ಒಂದು ಸಾಲಿನ ಅಷ್ಟೂ ಕುಣಿಕೆಗಳು ಏಕಕಾಲದಲ್ಲಿ ಬಿಚ್ಚಿಕೊಂಡೇ ಕಡ್ಡಿಯ ಮೇಲೆ ಕುಳಿತಿರುತ್ತವೆ. ಒಂದು ಜಾರಿತೆಂದರೆ ಅದರ ಕೆಳಗಿನ ಸಾಲುಗಳೂ ಏಣಿಯಂತೆ ಒಂದಾದಮೇಲೊಂದು ಬಿಚ್ಚಿಕೊಳ್ಳುತ್ತವೆ. ಕ್ರೋಶಾದಲ್ಲಿ ಹಾಗಲ್ಲ. ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿ, ಅದರ ಮೇಲೆ ಸಾಮಾನ್ಯವಾಗಿ ಒಂದೇ ಜೀವಂತ ಕುಣಿಕೆ. ಮಿಕ್ಕುದೆಲ್ಲ ಆಯಾ ಕ್ಷಣದಲ್ಲಿಯೇ ಮುಗಿದು ಬಿಗಿದು ಕುಳಿತಿರುತ್ತದೆ. ಆದುದರಿಂದಲೇ ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಹಾಲು ಉಕ್ಕುವುದನ್ನು ಕಾಯುತ್ತ ಒಲೆಯ ಮುಂದೆ, ಎಲ್ಲಿ ಬೇಕಾದರೂ ಕೈಗೆತ್ತಿಕೊಂಡು ಎಲ್ಲಿ ಬೇಕಾದರೂ ಕೆಳಗಿಡಬಹುದಾದ ಕೆಲಸ ಇದು.

ಕುಣಿಕೆಗಳು ಸಾಲಾಗಿ ನಿಂತಿರುವ ಎರಡು ಕಡ್ಡಿಯ ಹೆಣಿಗೆಯನ್ನು ಯಂತ್ರ ಬಹು ಹಿಂದೆಯೇ ಕಲಿತುಕೊಂಡಿತು. ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಚೌಕಟ್ಟನ್ನು ನಿರ್ಮಿಸಿದುದು 1589ರಷ್ಟು ಹಿಂದೆ. ಕ್ರೋಶಾ ಮಾತ್ರ ಇಂದಿಗೂ ಯಂತ್ರದ ಕೈಗೆ ಸಿಕ್ಕಿಲ್ಲ. ಕೊಕ್ಕೆ ಎಲ್ಲಿ ಬೇಕಾದರೂ ಹೊಕ್ಕು, ಯಾವ ದಿಕ್ಕಿಗೆ ಬೇಕಾದರೂ ತಿರುಗಿ, ಹಿಂದಿನ ಸಾಲಿನ ಯಾವ ರಂಧ್ರದಿಂದಾದರೂ ನೂಲನ್ನು ಎಳೆದು ತರಬಹುದಾದ ಆ ಸ್ವಾತಂತ್ರ್ಯವೇ ಯಂತ್ರಕ್ಕೆ ಅಡ್ಡಿಯಾಗಿದೆ. ಗಿರಣಿಗಳಲ್ಲಿ ಕ್ರೋಶಾ ಯಂತ್ರವೆಂಬ ಹೆಸರಿನದೊಂದು ಇದೆ. ಅದು ಅಂಚುಪಟ್ಟಿಗಳನ್ನು ತಯಾರಿಸುವ ಬೇರೊಂದು ಬಗೆಯ ಹೆಣಿಗೆಯ ಯಂತ್ರವೇ ಹೊರತು ಈ ಕೊಕ್ಕೆಯ ಕೆಲಸದ್ದಲ್ಲ. ಪ್ರಯೋಗಶಾಲೆಗಳಲ್ಲಿ ಯತ್ನಗಳು ನಡೆದಿವೆ. ಆದರೆ ಅಂಗಡಿಯಲ್ಲಿ ತೂಗುತ್ತಿರುವ ನಿಜವಾದ ಕ್ರೋಶಾ ವಸ್ತ್ರ, ಅದರ ಬೆಲೆಯ ಚೀಟಿಯಲ್ಲಿ ಮುನ್ನೂರೆಂದೇ ಇರಲಿ ಮೂವತ್ತು ಸಾವಿರವೆಂದೇ ಇರಲಿ, ಯಾರೋ ಒಬ್ಬರ ಕೈಯಿಂದಲೇ ಬಂದುದಾಗಿರಬೇಕು.

ಈ ಒಂದು ಸಂಗತಿ ಮನಸ್ಸಿಗೆ ಹತ್ತಿದ ಮೇಲೆ ಲೆಕ್ಕ ಹಾಕದೆ ಇರುವುದು ಕಷ್ಟ. ಒಂದು ಸಾಧಾರಣ ಮಫ್ಲರು ಎಂದರೆ ಸುಮಾರು 18 ಸೆಂಟಿಮೀಟರ್ ಅಗಲ, 170 ಸೆಂಟಿಮೀಟರ್ ಉದ್ದ. ನಡುದಪ್ಪದ ನೂಲಿನಲ್ಲಿ ಅಡ್ಡಕ್ಕೆ ಇಪ್ಪತ್ತೇಳು ಹೆಣಿಗೆ, ಉದ್ದಕ್ಕೆ ತೊಂಬತ್ತೈದು ಸಾಲು ಎಂದು ಹಿಡಿದರೆ, ಒಟ್ಟು 2,500ಕ್ಕೂ ಮಿಕ್ಕಿದ ಹೆಣಿಗೆಗಳು. ಕಂಬದಂತೆ ಎತ್ತರವಾಗಿ ನಿಲ್ಲುವ ಒಂದೊಂದು ಹೆಣಿಗೆಗೂ ನೂಲನ್ನು ಮೂರು ಬಾರಿ ಕುಣಿಕೆಯೊಳಗಿಂದ ಎಳೆಯಬೇಕಾದುದರಿಂದ, ಕೈಯ ಚಲನೆಗಳು 7,500ಕ್ಕೆ ಕಡಮೆಯಿಲ್ಲ. ನುರಿತ ಕೈಗಾದರೂ ಹಲವು ತಾಸಿನ ಕೆಲಸ. ಅದನ್ನು ಪೇಟೆಯಲ್ಲಿ ನಾಲ್ಕು ಕಾಸಿಗೆ ಮಾರುತ್ತಿದ್ದರೆ, ನೂಲಿನ ಬೆಲೆ, ಸಾಗಣೆ, ಮಧ್ಯವರ್ತಿಯ ಪಾಲು, ಅಂಗಡಿಯ ಬಾಡಿಗೆ ಇವೆಲ್ಲವನ್ನೂ ಕಳೆದ ಮೇಲೆ ಅಷ್ಟೂ ತಾಸುಗಳಿಗೆ ಏನು ಉಳಿದೀತೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಈ ಲೆಕ್ಕದ ಚರಿತ್ರೆ ಐರ್ಲೆಂಡಿನಲ್ಲಿ ಆರಂಭವಾಗುತ್ತದೆ ಎನ್ನಬಹುದು. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಭೀಕರವಾದ ಕ್ಷಾಮ ಆವರಿಸಿದಾಗ, ಕಾರ್ಕ್ ನಗರದ ಹೊರವಲಯದ ಉರ್ಸುಲಿನ್ ಕಾನ್ವೆಂಟಿನ ಸಂನ್ಯಾಸಿನಿಯರು ಬಡ ಹುಡುಗಿಯರಿಗೆ ಕ್ರೋಶಾ ಕಲಿಸಿ, ಇಟಲಿಯ ಸೂಜಿ ಲೇಸಿನ ಸೊಬಗನ್ನು ಅದಕ್ಕಿಂತ ಎಷ್ಟೋ ಕಡಮೆ ಕಾಲದಲ್ಲಿ ಕೊಕ್ಕೆಯಿಂದ ಸಾಧಿಸುವ ಮಾರ್ಗವನ್ನು ತೋರಿಸಿದರು. 1847ರಲ್ಲಿ ಕ್ಲೋನ್ಸ್ ಎಂಬ ಊರಿನ ಪಾದ್ರಿಯ ಹೆಂಡತಿ ಕಸಾಂಡ್ರ ಹ್ಯಾಂಡ್ ಎಂಬಾಕೆ ಅದೇ ಕೆಲಸವನ್ನು ಉತ್ತರದ ಕಡೆಗೆ ಕೊಂಡೊಯ್ದರು. ಹಸಿದವರ ಬೆರಳುಗಳಿಂದ ಬಂದ ಆ ಲೇಸು ಲಂಡನ್ನಿನ ಮತ್ತು ಪ್ಯಾರಿಸಿನ ಶ್ರೀಮಂತ ಮಹಿಳೆಯರ ಕೊರಳನ್ನು ಅಲಂಕರಿಸಿತು. ಅದರ ಹಣದಿಂದ ಎಷ್ಟೋ ಕುಟುಂಬಗಳು ಬಾಡಿಗೆ ಕೊಟ್ಟುವು, ಎಷ್ಟೋ ಮಂದಿ ಅಮೆರಿಕಕ್ಕೆ ಹಡಗು ಹತ್ತಿದರು. ರಾಣಿ ವಿಕ್ಟೋರಿಯಾ ಆ ಲೇಸನ್ನು ಕೊಂಡುದಲ್ಲದೆ ತಾವೇ ಕಡ್ಡಿ ಹಿಡಿಯಲು ಕಲಿತರೆಂದು ಪ್ರತೀತಿ. ಪಾರ್ಡೆಬರ್ಗಿನ ವೀರ ಥಾಂಪ್ಸನ್ ಹುಟ್ಟಿದುದು ಕಾರ್ಕಿನಲ್ಲಿಯೇ. ಯಾವ ಊರಿನ ಬಡ ಹುಡುಗಿಯರು ಅನ್ನಕ್ಕಾಗಿ ಕೊಕ್ಕೆ ಹಿಡಿದಿದ್ದರೋ ಆ ಊರಿನ ಹುಡುಗನೊಬ್ಬನಿಗೆ, ಅನ್ನದ ಚಿಂತೆಯೇ ಇಲ್ಲದ ಚಕ್ರವರ್ತಿನಿಯ ಕೊಕ್ಕೆಯಿಂದ, ದುಡ್ಡಿನ ಪ್ರಸಕ್ತಿಯೇ ಇಲ್ಲದೆ ಒಂದು ವಸ್ತ್ರ ಬಂತು.

ನಮಗೆ ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಆ ನದೀಮುಖಜಭೂಮಿಯ ಹಳ್ಳಿಹಳ್ಳಿಗಳಿಗೂ ಹಬ್ಬಿ, ಅಲ್ಲಿಯ ಲೇಸು ಪಶ್ಚಿಮದ ದೇಶಗಳ ಮೇಜುಗಳನ್ನೂ ಮಂಚಗಳನ್ನೂ ಹೊದಿಸುವಷ್ಟು ಬೆಳೆಯಿತು. ಒಬ್ಬಾಕೆ ಹೂವುಗಳನ್ನಷ್ಟೇ ಹೆಣೆಯುವಳು; ಇನ್ನೊಬ್ಬಾಕೆ ಅವುಗಳನ್ನು ಜೋಡಿಸುವಳು; ಸಿದ್ಧವಾದ ವಸ್ತ್ರವನ್ನು ಇಬ್ಬರೂ ಪೂರ್ಣವಾಗಿ ಕಾಣದೆ ಇರಬಹುದು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯ ಮೀಸ್ ಅವರು ಅಲ್ಲಿ ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದಲ್ಲಿ ಇಂದಿಗೂ ಪ್ರಮಾಣಭೂತವಾದುದು. ಮನೆಗೆಲಸವೆಲ್ಲ ಮುಗಿದ ಮೇಲೆ ದಿನಕ್ಕೆ ಆರೆಂಟು ತಾಸು ಕೊಕ್ಕೆ ಆಡಿಸುತ್ತಿದ್ದ ಆ ಹೆಂಗಸರಿಗೆ ಅಂದು ಸಿಗುತ್ತಿದ್ದುದು ದಿನಕ್ಕೆ ಒಂದು ರೂಪಾಯಿಗೂ ಕಡಮೆ, ಹೊಲದ ಕೂಲಿಗಿಂತಲೂ ಕಡಮೆ. ಹೀಗಾದರೂ ಅವರು ತಮ್ಮನ್ನು ಕೆಲಸಗಾರರೆಂದು ಭಾವಿಸಿಕೊಂಡಿರಲಿಲ್ಲ, ನಾವು ಗೃಹಿಣಿಯರು, ಇದು ಬಿಡುವಿನ ವೇಳೆಯ ಹವ್ಯಾಸ ಎನ್ನುತ್ತಿದ್ದರು. ಅವರು ಹಾಗೆನ್ನುವುದರಿಂದ ಯಾರಿಗೆ ಲಾಭವಾಗುತ್ತಿತ್ತು ಎಂಬುದನ್ನು ವಿವರಿಸಬೇಕಾಗಿಲ್ಲ. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ಹೆಸರಿಗೆ ರಕ್ಷಣೆ ಸಿಕ್ಕಿತು, ಸಂತೋಷ. ತಾಸಿಗೆ ಎಷ್ಟು ಕೂಲಿ ಎಂಬುದು ಆ ಮನ್ನಣೆಯ ವ್ಯಾಪ್ತಿಗೆ ಸೇರತಕ್ಕ ವಿಷಯವಲ್ಲ.

ಬಿಡುವಿನ ವೇಳೆ ಎಂಬ ಅದೇ ಮಾತನ್ನು ಇನ್ನೊಂದು ಮನೆಯಲ್ಲಿ, ಇನ್ನೊಬ್ಬ ಹೆಂಗಸಿನ ಬಾಯಲ್ಲಿ ಕೇಳಿದಾಗ ಅದರ ಬಣ್ಣವೇ ಬೇರೆಯಾಗುತ್ತದೆ. ಕೆನಡದಲ್ಲಿರುವ ಮೊಮ್ಮಗಳಿಗೆ ಕ್ರಿಸ್ಮಸ್ ರಜೆಯ ಹೊತ್ತಿಗೆ ತಲಪಬೇಕೆಂದು ನವರಾತ್ರಿಯ ಹೊತ್ತಿಗೇ ಮಫ್ಲರು ಮೊದಲಿಡುವ ಬೆಂಗಳೂರಿನ ಅಜ್ಜಿಯೂ ಅಷ್ಟೇ ತಾಸುಗಳನ್ನು ವ್ಯಯಿಸುತ್ತಾಳೆ, ಅವಳಿಗೂ ಕೂಲಿಯಿಲ್ಲ. ಆದರೆ ಅವಳ ತಾಸುಗಳನ್ನು ಅಗ್ಗಕ್ಕೆ ಕೊಂಡು ತುಟ್ಟಿಗೆ ಮಾರುವವನು ನಡುವೆ ಯಾರೂ ಇಲ್ಲ. ಕೊಟ್ಟವಳಿಗೂ ಪಡೆದವಳಿಗೂ ಎಷ್ಟು ಕೊಟ್ಟುದಾಯಿತು, ಎಷ್ಟು ಪಡೆದುದಾಯಿತು ಎಂಬುದು ಗೊತ್ತು. ಆ ಅರಿವೇ ಪಾವತಿ. ಕ್ರೋಶಾ ವಸ್ತ್ರವೊಂದರ ಶ್ರಮ ಪೂರ್ತಿಯಾಗಿ ಸಲ್ಲುವುದು, ನನಗೆ ತೋರುವಂತೆ, ಎರಡೇ ಸಂದರ್ಭಗಳಲ್ಲಿ: ಒಂದು, ಬಹು ದುಬಾರಿಯಾಗಿ, ಹೆಣೆದವರ ಕೈಗೇ ಹಣ ಕೊಟ್ಟು ಕೊಂಡಾಗ, ಮತ್ತೊಂದು, ಅದನ್ನು ಸುಮ್ಮನೆ ಕೊಟ್ಟುಬಿಟ್ಟಾಗ. ನಡುವಣ ಅಗ್ಗದ ಪ್ರದೇಶದಲ್ಲೆಲ್ಲ ಯಾರಿಗೋ ಮೋಸವಾಗಿಯೇ ಇರುತ್ತದೆ.

ಕೈಯಿಂದಾದುದನ್ನು ಕೊಡುವ ಪದ್ಧತಿ ನಮಗೇನೂ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ತೊಟ್ಟಿಲ ಕೂಸಿಗೆ ತವರಿನವರು ಹೊಲಿದು ತರುವ ಕುಂಚಿಗೆ, ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ, ಮಂಗಳೂರು ಕಡೆಯ ಕ್ರೈಸ್ತರ ಮನೆಗಳಿಂದ ಡಿಸೆಂಬರಿನಲ್ಲಿ ನೆರೆಹೊರೆಯ ಎಲ್ಲ ಮತದವರ ಮನೆಗೂ ಬರುವ ಕುಸ್ವಾರ್ ಎಂಬ ತಿಂಡಿಗಳ ತಟ್ಟೆ, ಇವೆಲ್ಲ ಅಂಗಡಿಯ ಬೆಲೆಗೆ ಸಿಕ್ಕದ ಉಡುಗೊರೆಗಳೇ. ಉಣ್ಣೆಯೂ ಹೊಸದಲ್ಲ, ಚಳ್ಳಕೆರೆಯ ಕಡೆಯ ಕರಿಯ ಕಂಬಳಿ ಮಗ್ಗದ ಮೇಲೆ ಹುಟ್ಟಿದುದು, ಅದರ ಒರಟುತನ ಹೊಲ ಕಾಯುವವನ ಹೆಗಲಿಗೆ ಒಪ್ಪುವಂಥದು. ಕೊಕ್ಕೆ ಮಾತ್ರ ನಮಗೆ ಮಿಷನ್ ಶಾಲೆಗಳ ಮತ್ತು ಕಾನ್ವೆಂಟುಗಳ ಮೂಲಕ ಬಂದುದು. ಬಂದಮೇಲೆ ನಮ್ಮ ಹೆಂಗಸರು ಅದನ್ನು ಬಾಗಿಲ ತೋರಣಕ್ಕೂ, ಹಾಲಿನ ಚೊಂಬಿನ ಮೇಲೆ ಮುಚ್ಚುವ ಮಣಿಯಂಚಿನ ಬಲೆಗೂ, ರೇಡಿಯೋ ಬಂದಾಗ ರೇಡಿಯೋವಿನ ಮೇಲಿನ ಹೊದಿಕೆಗೂ, ಟೀವಿ ಬಂದಾಗ ಟೀವಿಯ ಹೊದಿಕೆಗೂ ಬಗ್ಗಿಸಿಕೊಂಡರು. ಟೀವಿ ತೆಳ್ಳಗಾಗಿ ಗೋಡೆ ಸೇರಿದಂದಿನಿಂದ ಆ ಕಲೆಯ ಒಂದು ದೊಡ್ಡ ಆಶ್ರಯವೇ ತಪ್ಪಿಹೋಯಿತೆನ್ನಬೇಕು. ಮಫ್ಲರು ಉಳಿದುಕೊಂಡಿತು. ಬೀದರಿನಲ್ಲಿಯೋ ಮಡಿಕೇರಿಯಲ್ಲಿಯೋ ಅದು ಆವಶ್ಯಕ ವಸ್ತು. ಬೆಂಗಳೂರಿನಲ್ಲಿ, ಹದಿನೈದು ಹದಿನಾರು ಡಿಗ್ರಿಯ ಬೆಳಗಿನಲ್ಲಿ ವಾಯುವಿಹಾರಕ್ಕೆ ಹೊರಟ ಹಿರಿಯರಿಗೆ, ಆವಶ್ಯಕತೆಗಿಂತ ಸ್ವಲ್ಪ ಹೆಚ್ಚು, ಅಲಂಕಾರಕ್ಕಿಂತ ಸ್ವಲ್ಪ ಕಡಮೆ. ಮಂಗಳೂರಿನಲ್ಲಿ ಕೇವಲ ಊರು ಬಿಟ್ಟು ಹೋದವರಿಗೆ ಕಳುಹಿಸತಕ್ಕ ವಸ್ತು.

ಉಡುಗೊರೆಗೆ ಮಫ್ಲರು ತಕ್ಕುದೆನ್ನುವುದಕ್ಕೆ ಬಲವಾದ ಕಾರಣ ಒಂದಿದೆ: ಅದಕ್ಕೆ ಅಳತೆ ಬೇಡ. ಸ್ವೆಟರು ಹೆಣೆಯಬೇಕಾದರೆ ಎದೆಯ ಸುತ್ತಳತೆ ತಿಳಿಯಬೇಕು. ಕೇಳಿದರೆ ಗುಟ್ಟು ಬಯಲಾಗುತ್ತದೆ, ಕೇಳದಿದ್ದರೆ ಹೊಟ್ಟೆಯ ಬಳಿ ಬಿಗಿಯಾಗುತ್ತದೆ. ಕೊರಳಿನ ವಸ್ತ್ರಕ್ಕೆ ಗಂಡು ಹೆಣ್ಣು, ದಪ್ಪ ಸಣ್ಣ ಎಂಬ ಭೇದವಿಲ್ಲ; ಎರಡು ವರ್ಷದಿಂದ ನೋಡದೆ ಇದ್ದವರಿಗೂ ಧೈರ್ಯವಾಗಿ ಹೆಣೆಯಬಹುದು.

ಹೆಣೆಯಹೊರಟವರಿಗೆ ಒಂದೆರಡು ಮಾತು. ಕೊರಳಿನ ಚರ್ಮ ಬಹು ಸೂಕ್ಷ್ಮವಾದುದು. ಅಂಗೈಗೆ ಮೃದುವೆಂದು ತೋರಿದ ನೂಲು ಕೊರಳಿಗೆ ಮುಳ್ಳಾಗುವುದುಂಟು. ಅಂಗಡಿಯಲ್ಲಿ ಕೊಳ್ಳುವಾಗ ನೂಲಿನ ಉಂಡೆಯನ್ನು ಕೆನ್ನೆಗೋ ಗಲ್ಲದ ಕೆಳಗೋ ಒತ್ತಿ ನೋಡುವುದಕ್ಕೆ ನಾಚಬೇಕಾಗಿಲ್ಲ. ನಮ್ಮ ಪೇಟೆಗಳಲ್ಲಿ ಉಲ್ಲನ್ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಅದು ತುರಿಸುವುದಿಲ್ಲ, ಯಂತ್ರದಲ್ಲಿ ಒಗೆದರೂ ಕುಗ್ಗುವುದಿಲ್ಲ, ಆದರೆ ಇಸ್ತ್ರಿಯ ಬಿಸಿ ತಗಲಿದರೆ ಜೀವಸತ್ತು ಜೋತುಬೀಳುತ್ತದೆ. ನಿಜವಾದ ಕುರಿಯ ಉಣ್ಣೆ ಹೆಚ್ಚು ಬೆಚ್ಚಗೆ, ಆದರೆ ಬಿಸಿನೀರೂ ಉಜ್ಜಾಟವೂ ಸೇರಿದರೆ ಗಂಟುಗಟ್ಟಿ ಅರ್ಧಕ್ಕೆ ಕುಗ್ಗುತ್ತದೆ. ಕಡ್ಡಿಯನ್ನು ಚೀಟಿಯಲ್ಲಿ ಹೇಳಿದುದಕ್ಕಿಂತ ಒಂದು ಅಳತೆ ದಪ್ಪನೆಯದನ್ನೇ ಆರಿಸಿಕೊಳ್ಳುವುದು ಲೇಸು. ಐದು ಮಿಲಿಮೀಟರಿನದು ಎಂದಿದ್ದರೆ ಐದೂವರೆ, ಆರು. ಕ್ರೋಶಾ ಸ್ವಭಾವತಃ ದಪ್ಪ, ಹೆಣಿಗೆಗಿಂತ ನೂಲೂ ಹೆಚ್ಚು ನುಂಗುತ್ತದೆ. ಬಿಗಿಯಾಗಿ ಹೆಣೆದರೆ ವಸ್ತ್ರ ಕೊರಳ ಸುತ್ತ ಇಳಿಬೀಳದೆ ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಮತ್ತೊಂದು: ಸಾಲು ತಿರುಗಿಸುವಾಗ ಕೊನೆಯ ಹೆಣಿಗೆ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತದೆ. ಸಾಲಿಗೊಂದರಂತೆ ತಪ್ಪಿದರೆ, ಇಪ್ಪತ್ತೇಳರಿಂದ ಹೊರಟದ್ದು ಮೊಳ ದಾಟುವಷ್ಟರಲ್ಲಿ ಕತ್ತರಿಸಿದ ಹೋಳಿಗೆಯಂತೆ ಮೊನೆಯಾಗಿರುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿ ಎಣಿಸುವುದರ ವಿನಾ ಇದಕ್ಕೆ ಬೇರೆ ಉಪಾಯವಿಲ್ಲ. ಹೆಣೆಯುತ್ತಿರುವಾಗ ಮಾತನಾಡಿಸಿದರೆ ಅಜ್ಜಿಯಂದಿರು ಉತ್ತರ ಕೊಡದೆ ತಲೆಯಾಡಿಸುವುದು ಗರ್ವದಿಂದಲ್ಲ.

ಪರಿಚಯವೇ ಇಲ್ಲದವರಿಗಾಗಿ ಹೆಣೆಯುವವರ ಸಂಪ್ರದಾಯವೂ ಒಂದುಂಟು. ಅಮೆರಿಕದಲ್ಲಿ, ತಂದೆತಾಯಿಗಳ ಆಸರೆಯಿಲ್ಲದೆ ಪರರ ಪಾಲನೆಯಲ್ಲಿ ಬೆಳೆದು ಕಾಲೇಜು ಸೇರಿದ ಮಕ್ಕಳಿಗೆ, ಮನೆಯಿಂದ ಪೊಟ್ಟಣ ಬರುವ ಸೌಭಾಗ್ಯ ಅವರಿಗೂ ಇರಲೆಂದು, ಕೈಹೆಣಿಗೆಯ ಕೆಂಪು ಮಫ್ಲರುಗಳನ್ನು ಕಳುಹಿಸುವ ಯೋಜನೆಯೊಂದು ಹಲವು ವರ್ಷ ನಡೆಯಿತು. ಹೆಣೆದವರು ದೇಶದ ನಾನಾ ಮೂಲೆಗಳ ಅಪರಿಚಿತರು. ನಮ್ಮ ನೆರೆಯ ಚೆನ್ನೈಯ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಮಹಿಳೆಯರ ಬಳಗ 2016ರಲ್ಲಿ 11,000 ಚದರ ಮೀಟರಿಗೂ ಮಿಕ್ಕಿದ ಕ್ರೋಶಾ ಕಂಬಳಿಯನ್ನು ಜೋಡಿಸಿ ಗಿನ್ನೆಸ್ ದಾಖಲೆ ಮಾಡಿತು; ಮರುವರ್ಷ ಸುಮಾರು 14 ಕಿಲೋಮೀಟರ್ ಉದ್ದದ ಒಂದೇ ಮಫ್ಲರು. ದಾಖಲೆಗಳ ಹುಚ್ಚು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆದರೆ ಆ ಕಂಬಳಿಯನ್ನು ಅಳೆದಾದ ಮೇಲೆ ಬಿಡಿಬಿಡಿಯಾಗಿ ಬಿಡಿಸಿ, ಹೊದಿಕೆಗಳಾಗಿ ಇಲ್ಲದವರಿಗೆ ಹಂಚಿದರೆಂಬುದನ್ನು ತಿಳಿದಾಗ ನನ್ನ ತಕರಾರನ್ನು ಹಿಂದೆಗೆದುಕೊಳ್ಳಬೇಕಾಯಿತು.

ಕೊನೆಗೆ ಉಡುಗೊರೆಯನ್ನು ಪಡೆಯುವವರ ವಿಷಯ. ಕೈಹೆಣಿಗೆಯ ವಸ್ತ್ರವನ್ನು ಪಡೆದವರಿಗೆ ಒಂದು ಸಂಕಟವುಂಟು. ಬಣ್ಣ ಒಪ್ಪದಿದ್ದರೂ ಅಂಗಡಿಗೆ ಹಿಂದಿರುಗಿಸುವಂತಿಲ್ಲ, ಧರಿಸದಿದ್ದರೆ ಕೊಟ್ಟವರ ಮುಖ ಕಣ್ಣ ಮುಂದೆ ಬರುತ್ತದೆ. ಕೊಟ್ಟವರಾದರೂ ಸ್ವಲ್ಪ ಔದಾರ್ಯ ತೋರಬೇಕು. ದೂರವಾಣಿಯಲ್ಲಿ ಮಾತನಾಡುವಾಗಲೆಲ್ಲ ಹಾಕಿಕೊಂಡೆಯಾ ಎಂದು ವಿಚಾರಿಸುವುದು, ತಸವೀರು ಕಳುಹಿಸೆಂದು ಪೀಡಿಸುವುದು, ಬೇರೊಬ್ಬರ ಕೊರಳಲ್ಲಿ ಕಂಡಾಗ ಮುಖ ಸಣ್ಣದು ಮಾಡುವುದು, ಇವು ಕೊಟ್ಟುದನ್ನು ಕಂತು ಕಂತಾಗಿ ವಸೂಲು ಮಾಡುವ ಕ್ರಮಗಳು. ಕೊಡುವಾಗಲೇ ಮಾಡಬೇಕಾದುದು ಇಷ್ಟೆ: ಪೊಟ್ಟಣದೊಳಗೆ ಒಂದು ಚೀಟಿ ಇಡಬೇಕು. ನೂಲು ಯಾವುದು, ತಣ್ಣೀರಿನಲ್ಲಿ ಒಗೆಯಬೇಕೋ ಯಂತ್ರಕ್ಕೆ ಹಾಕಬಹುದೋ, ಹಿಂಡಬಾರದು, ತಂತಿಯ ಮೇಲೆ ತೂಗುಹಾಕದೆ ನೆರಳಿನಲ್ಲಿ ಹಾಸಿ ಒಣಗಿಸಬೇಕು, ಇಸ್ತ್ರಿ ಕೂಡದು ಎಂಬಷ್ಟನ್ನು ದುಂಡಗಿನ ಅಕ್ಷರದಲ್ಲಿ ಬರೆದಿದ್ದರೆ ಸಾಕು. ಜೊತೆಗೆ ಅದೇ ನೂಲಿನ ಒಂದು ಗೇಣುದ್ದದ ತುಂಡನ್ನೂ ಸುತ್ತಿಟ್ಟರೆ, ಎಲ್ಲಿಯಾದರೂ ಹರಿದಾಗ ತೇಪೆಗೆ ಆದೀತು. ಚೀಟಿಯನ್ನು ಓದದೆ ಬಿಸಿನೀರಿಗೆ ಹಾಕಿ, ಅಪ್ಪಟ ಉಣ್ಣೆಯ ಮಫ್ಲರನ್ನು ಮಗುವಿನ ಕೊರಳಿಗೆ ಸರಿಹೋಗುವಷ್ಟಕ್ಕೆ ಇಳಿಸಿದ ಅಳಿಯಂದಿರಿಗೆ ಮುಂದಿನ ಡಿಸೆಂಬರಿಗೆ ಅಕ್ರಿಲಿಕ್ಕಿನದೇ ಸಾಕು.